ಓದು ಮಕ್ಕಳಿಗೆ ಪ್ರಸಾದವಾಗಲಿ



ಬಸವ ಜಯಂತಿಯ ಜೊತೆಗೇ ಮಕ್ಕಳ ಬೇಸಿಗೆ ಸೂಟಿಯೂ ಬರುತ್ತದೆ. ಹಿಂಗಾರಿ ಜೋಳದ ರಾಶಿ ಮುಗಿದಿರುತ್ತದೆ. ಎರೆ ಹೊಲಗಳು ಬಿರುಕು ಬಿಟ್ಟು ರೋಹಿಣಿ ಮಳೆಯ ದಾರಿ ಕಾಯುತ್ತಿರುತ್ತವೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಬಜಾರವೂ ಬಿಕೋ ಎನ್ನುತ್ತದೆ. ಹನ್ನೊಂದರಿಂದ ನಾಲ್ಕರವರೆಗಿನ ಆ ಐದು ತಾಸು ನಮ್ಮ ಮಕ್ಕಳು ಮನೆಯೊಳಗೆ ಏನು ಮಾಡುತ್ತಾರೆ? ಪೂಜ್ಯರು ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟು, "ಈ ಸಲ ಪತ್ರಿಕೆಗೆ ನೀವೇ ನಾಲ್ಕು ಮಾತು ಬರೆಯಿರಿ" ಎಂದು ಅಪ್ಪಣೆ ಕೊಡಿಸಿದರು.

ನಾವು ಪ್ರವಚನಕಾರರಲ್ಲ. ಬಿ.ಕಾಂ. ಓದಿ, ಶ್ರೀಮಠದ ಕಿರ್ದಿ ಖತಾವಣಿ ಬರೆದುಕೊಂಡು, ದಾಸೋಹದ ಜೋಳ ಬೇಳೆಯ ಲೆಕ್ಕ ಇಡುವವರು. ಶಾಸ್ತ್ರದ ಮಾತನ್ನು ಬಲ್ಲವರು ಹೇಳಲಿ. ನಾವು ಕಂಡದ್ದನ್ನು, ಅದರೊಳಗೆ ನಮ್ಮದೇ ಒಂದು ತಪ್ಪನ್ನು, ತಮ್ಮ ಮುಂದೆ ಬಿಚ್ಚಿಡುತ್ತೇವೆ. ತಾವು ಹಿರಿಯರು, ಮನ್ನಿಸಬೇಕು.

ಕೆಲವು ವರ್ಷಗಳ ಹಿಂದಿನ ಶ್ರಾವಣದ ಒಂದು ಸಂಜೆ. ಶ್ರೀಮಠದಲ್ಲಿ ಪ್ರವಚನ ಮುಗಿದ ಮೇಲೆ ಮಕ್ಕಳಿಂದ ಒಂದೊಂದು ವಚನ ಓದಿಸುವ ಪರಿಪಾಠವಿತ್ತು. ಹತ್ತು ಹನ್ನೊಂದು ವರ್ಷದ ಒಬ್ಬ ಹುಡುಗಿಯ ಸರದಿ ಬಂದಿತು. ಹಣೆತುಂಬ ವಿಭೂತಿ, ಕೊರಳಲ್ಲಿ ಇಷ್ಟಲಿಂಗ. ಮಾತಿಗೆ ನಿಂತರೆ ಅಚ್ಚ ಕನ್ನಡ, ಶಾಲೆಯಲ್ಲಿ ಮರಾಠಿ, ಇಂಗ್ಲಿಷ್ ಎರಡರಲ್ಲೂ ಮುಂದು. ಪುಸ್ತಕ ಕೈಗೆ ಕೊಟ್ಟರೆ ಅದನ್ನು ಹಿಡಿದು ಸುಮ್ಮನೆ ನಿಂತಳು. ಕನ್ನಡದ ಅಕ್ಷರ ಅವಳಿಗೆ ಬರುತ್ತಿರಲಿಲ್ಲ. ಹಿರಿಯರೊಬ್ಬರು, "ಶರಣರ ಮನೆಯ ಮಗಳಾಗಿ ಇಷ್ಟೂ ಬಾರದೇನವ್ವಾ?" ಎಂದು ಎಲ್ಲರ ಮುಂದೆ ಅಂದುಬಿಟ್ಟರು. ಮಗು ತಲೆ ತಗ್ಗಿಸಿತು. ಕಂಬಕ್ಕೆ ಒರಗಿ ಕುಳಿತಿದ್ದ ಅವಳ ಅಜ್ಜ ಎದ್ದು ಬಂದು, ಮೊಮ್ಮಗಳ ಕೈ ಹಿಡಿದುಕೊಂಡು, ಗುರುಗಳಿಗೆ ನಮಸ್ಕರಿಸಿ ಹೊರಟುಹೋದರು. ನಾವು ಅಲ್ಲೇ ಇದ್ದೆವು. ಒಂದು ಮಾತೂ ಆಡಲಿಲ್ಲ.

ಎಂಟು ದಿನಗಳ ಮೇಲೆ ಆ ಅಜ್ಜ ಸಂತೆಯಲ್ಲಿ ಸಿಕ್ಕರು. ಅವರು ಸಿಟ್ಟು ಮಾಡಲಿಲ್ಲ. "ಅಕೀಗ್ ಬೈದು ಏನ್ ಮಾಡ್ತೀರಿ ಅಣ್ಣಾವ್ರ? ಓದ್ಲಿಕ್ಕೆ ನಾವು ಮನ್ಯಾಗ ಏನ್ ಇಟ್ಟೀವಿ ಹೇಳ್ರಿ. ಗ್ವಾಡಿಗೆ ಒಂದು ಕ್ಯಾಲೆಂಡರ್ ಐತಿ. ಅದೂ ಮರಾಠೀದು" ಎಂದರು.

ಬಂಧುಗಳೇ, ಆ ಮಾತು ನಮ್ಮ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಮನೆಯಲ್ಲಿ ಟ್ರ್ಯಾಕ್ಟರ್ ಇದೆ, ಫ್ರಿಜ್ ಇದೆ, ತಲೆಗೊಂದು ಮೊಬೈಲ್ ಇದೆ. ಮಗು ತಾನಾಗಿ ಕೈಯಲ್ಲಿ ಎತ್ತಿಕೊಂಡು ನಕ್ಕು ನಲಿಯುವಂಥ ಒಂದು ಪುಸ್ತಕ ಇದೆಯೇ? ಬಿತ್ತದ ಹೊಲದಲ್ಲಿ ನಿಂತು ಬೆಳೆ ಬರಲಿಲ್ಲವೆಂದು ಭೂಮಿಯನ್ನು ಬೈದರೆ ಏನು ಫಲ?

ಇನ್ನು ನಮ್ಮ ತಪ್ಪಿನ ಮಾತು. ಆ ಅಜ್ಜನ ಮಾತು ಕೇಳಿದ ಮೇಲೆ ನಾವು ನಮ್ಮ ಮನೆಯಿಂದಲೇ ಆರಂಭಿಸೋಣವೆಂದು ಹೊರಟೆವು. ಮಗ ಆಗ ನಾಲ್ಕನೆಯ ಇಯತ್ತೆಯಲ್ಲಿದ್ದ. ಬೇಸಿಗೆ ಸೂಟಿ ಬಂದಕೂಡಲೇ ಹತ್ತು ಪುಸ್ತಕ ತಂದೆವು. ಲೆಕ್ಕ ಬರೆಯುವ ಕೈ ಸುಮ್ಮನಿರಬೇಕಲ್ಲ! ಒಂದು ವಹಿಗೆ ಗೆರೆ ಹೊಡೆದು ಐದು ಅಂಕಣ ಮಾಡಿದೆವು: ತಾರೀಖು, ಪುಸ್ತಕದ ಹೆಸರು, ಓದಿದ ಪುಟ, ತಿಳಿದ ನೀತಿ, ಸಹಿ. ದಿನಕ್ಕೆ ಹತ್ತು ಪುಟ ಓದಿದರೆ ಒಂದು ರೂಪಾಯಿ ಜಮಾ, ತಪ್ಪಿದರೆ ಎರಡು ರೂಪಾಯಿ ವಜಾ.

ಮೊದಲ ವಾರ ಚೆನ್ನಾಗಿ ನಡೆಯಿತು. ಎರಡನೆಯ ವಾರದಲ್ಲಿ ಹುಡುಗ ಹತ್ತನೆಯ ಪುಟದ ಕೊನೆಯ ಸಾಲಿಗೆ ಬಂದ ಕ್ಷಣ, ಕಥೆ ಅರ್ಧಕ್ಕೆ ನಿಂತಿದ್ದರೂ, ಪುಸ್ತಕ ಮುಚ್ಚಿ, "ಅಪ್ಪಾ, ಹತ್ತು ಪುಟ ಆದ್ವು. ಇನ್ನ ಆಡ್ಲಿಕ್ಕೆ ಹೋಗ್ಲೇನು?" ಎನ್ನತೊಡಗಿದ. ಮೂರನೆಯ ವಾರ ವಹಿ ತೆಗೆದು ನೋಡಿದರೆ 'ತಿಳಿದ ನೀತಿ' ಎಂಬ ಅಂಕಣದಲ್ಲಿ ಒಂಬತ್ತು ದಿನವೂ ಒಂದೇ ಮಾತು: ಸತ್ಯಕ್ಕೆ ಜಯ. ಹಕ್ಕಿಗಳ ಗೂಡಿನ ವಿಷಯದ ಪುಸ್ತಕಕ್ಕೂ ಅದೇ ನೀತಿ! ಸೂಟಿ ಮುಗಿಯಿತು. ಅವನ ರೂಪಾಯಿಗಳನ್ನು ಎಣಿಸಿ ಕೊಟ್ಟೆವು. ಆ ವರ್ಷ ಅವನು ಶಾಲೆಯ ಪುಸ್ತಕದ ಹೊರತು ಇನ್ನೊಂದನ್ನು ಮುಟ್ಟಲಿಲ್ಲ. ನಮ್ಮ ಲೆಕ್ಕ ತಾಳೆ ಬಿದ್ದಿತ್ತು, ಓದು ದಿವಾಳಿ ಎದ್ದಿತ್ತು.

ಮರುವರ್ಷ ಬೇಸಿಗೆಯಲ್ಲಿ ಅವನು ವಿಜಯಪುರದ ಕಡೆ ತಾಯಿಯ ತವರಿಗೆ ಹೋಗಿದ್ದ. ಕರೆತರಲು ನಾವು ಹೋದರೆ ಹುಡುಗ ಕಾಣಲಿಲ್ಲ. ಹುಡುಕಿದರೆ ಹಿತ್ತಲ ಬೇವಿನ ನೆರಳಲ್ಲಿ ಹೊರಸಿನ ಮೇಲೆ ಅಂಗಾತ ಮಲಗಿ, ಅಟ್ಟದಿಂದ ಇಳಿಸಿದ ಹಳೆಯ 'ಚಂದಮಾಮ'ದ ಕಟ್ಟು ಬಿಚ್ಚಿಕೊಂಡು ಓದುತ್ತಿದ್ದ. ರಟ್ಟು ಹರಿದಿತ್ತು, ಅಂಚನ್ನು ಇಲಿ ತಿಂದಿತ್ತು. ನಾವು ಬಂದದ್ದು ಅವನ ಅರಿವಿಗೇ ಬರಲಿಲ್ಲ. ಹತ್ತಿರ ಹೋಗಿ "ಏನು ತಿಳೀತಪ್ಪಾ?" ಎಂದು ಕೇಳಬೇಕೆಂದು ಬಾಯಿ ತೆರೆದೆವು. ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದ ಅತ್ತೆಯವರು ತಡೆದರು. "ಸುಮ್ನಿರ್ರಿ ಅಳಿಯಂದ್ರ, ಉಣ್ಣೂ ಕೂಸಿನ ಗಂಗಾಳದಾಗ ಕೈ ಹಾಕಬಾರ್ದು" ಎಂದರು.

ನಾವು ಕಾಲೇಜಿನಲ್ಲಿ ಕಲಿಯದ ಪಾಠವನ್ನು ಅಕ್ಷರ ಬಾರದ ಆ ತಾಯಿ ಕಲಿಸಿದರು.

ಶ್ರೀಮಠದ ದಾಸೋಹವನ್ನೇ ನೋಡಿರಿ. ಪಂಕ್ತಿಯಲ್ಲಿ ಕುಳಿತವರಿಗೆ ರೊಟ್ಟಿ, ಪಲ್ಯ, ಹುಗ್ಗಿ ಬಡಿಸುತ್ತೇವೆ. ಉಂಡು ಎದ್ದವನನ್ನು ತಡೆದು, "ಎಷ್ಟು ತುತ್ತು ಉಂಡೆ? ಈ ಹುಗ್ಗಿಯಿಂದ ನಿನಗೆ ಯಾವ ನೀತಿ ತಿಳಿಯಿತು?" ಎಂದು ಯಾರಾದರೂ ಕೇಳುತ್ತಾರೆಯೇ? ಕೇಳಿದರೆ ಅದು ದಾಸೋಹವಲ್ಲ. ಉಂಡದ್ದು ಒಳಗೆ ರಕ್ತವಾಗುತ್ತದೆ, ಬಲವಾಗುತ್ತದೆ. ಅದು ಯಾವಾಗ ಆಯಿತೆಂದು ಉಂಡವನಿಗೂ ತಿಳಿಯದು, ಬಡಿಸಿದವನಿಗೂ ತಿಳಿಯದು. ಪ್ರಸಾದವೆಂದರೆ ಪ್ರಸನ್ನತೆ. ಪ್ರಸನ್ನವಾದ ಮನಸ್ಸಿನಿಂದ ಕೊಟ್ಟು, ಪ್ರಸನ್ನವಾದ ಮನಸ್ಸಿನಿಂದ ಸ್ವೀಕರಿಸಿದಾಗ ಅನ್ನವು ಪ್ರಸಾದವಾಗುತ್ತದೆ. ಮಕ್ಕಳ ಬೇಸಿಗೆಯ ಓದೂ ಹಾಗೆಯೇ ಆಗಬೇಕೆಂಬುದು ಈ ಬರಹದ ಒಂದೇ ಬೇಡಿಕೆ. ಶಾಲೆಯ ಹತ್ತು ತಿಂಗಳು ಪರೀಕ್ಷೆಯ ಓದು ಇದ್ದೇ ಇದೆ. ಸೂಟಿಯ ಓದು ಆನಂದಕ್ಕಾಗಿ ಇರಲಿ.

ನಮ್ಮ ಭಾಗದ ದ್ರಾಕ್ಷಿ ಬೆಳೆಗಾರರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಒಳ್ಳೆಯ ಒಣದ್ರಾಕ್ಷಿ ಬೇಕೆಂದರೆ ಹಣ್ಣನ್ನು ನೇರ ಬಿಸಿಲಿಗೆ ಹಾಕುವುದಿಲ್ಲ. ನೆರಳಿನ ಶೆಡ್ಡಿನಲ್ಲಿ ಜಾಳಿಗೆಯ ಮೇಲೆ ಹರವಿ, ಗಾಳಿಯಾಡಲು ಬಿಟ್ಟು, ಎರಡು ಮೂರು ವಾರ ಕಾಯುತ್ತೇವೆ. ಸುಡುಬಿಸಿಲಿಗೆ ಬಿದ್ದದ್ದು ಕಪ್ಪಾಗಿ ದರ ಕಳೆದುಕೊಳ್ಳುತ್ತದೆ. ಮಗುವಿನ ಓದಿಗೂ ನೆರಳು ಬೇಕು. ಸದಾ ನಮ್ಮ ಪ್ರಶ್ನೆಯ ಬಿಸಿಲು ಬೀಳುತ್ತಿದ್ದರೆ ಅದು ಬಾಡುತ್ತದೆ.

ಈಗ ಶರಣರ ಕಡೆಗೆ ತಿರುಗೋಣ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನಡೆದದ್ದು ಅಕ್ಷರದ ದಾಸೋಹವೂ ಹೌದು. ದೋಣಿ ನಡೆಸುವ ಅಂಬಿಗರ ಚೌಡಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಅಕ್ಕಿ ಆಯುವ ಕಾಯಕದ ಲಕ್ಕಮ್ಮ, ಇವರೆಲ್ಲ ತಮ್ಮ ಅನುಭವವನ್ನು ತಮ್ಮ ಮಾತಿನಲ್ಲೇ ಹೇಳಿದರು. ಅದು ತಾಳೆಗರಿಯ ಮೇಲೆ ಉಳಿಯಿತು. ಕಲ್ಯಾಣದಲ್ಲಿ ಕ್ಷೋಭೆಯಾದಾಗ ಶರಣರು ಬಂಗಾರವನ್ನಲ್ಲ, ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಡೆಗೆ ನಡೆದರೆಂಬುದು ನಮ್ಮ ಪರಂಪರೆ ಹೇಳುತ್ತ ಬಂದ ಮಾತು.

ಮುಂದೆ ಏನಾಯಿತು? ಎಷ್ಟೋ ಮನೆಗಳಲ್ಲಿ, ಮಠಗಳಲ್ಲಿ ಆ ಕಟ್ಟುಗಳು ದೇವರ ಜಗಲಿ ಏರಿದವು. ಅವಕ್ಕೆ ವಿಭೂತಿ ಹಚ್ಚಿದರು, ಪತ್ರಿ ಏರಿಸಿದರು, ಕೈ ಮುಗಿದರು. ಬಿಚ್ಚಿ ಓದುವುದನ್ನು ಮರೆತರು. ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಫ. ಗು. ಹಳಕಟ್ಟಿಯವರು (1880–1964) ಊರೂರು ತಿರುಗಿ ಅಂಥ ಕಟ್ಟುಗಳನ್ನು ಹುಡುಕಿ, ಓದಿ, ಪ್ರತಿ ಮಾಡಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಅಚ್ಚು ಹಾಕಿಸಿದರು. ಇದ್ದ ಮನೆಯನ್ನು ಮಾರಿ 'ಹಿತಚಿಂತಕ' ಮುದ್ರಣಾಲಯ ಹಾಕಿದರು. 1926ರಿಂದ 'ಶಿವಾನುಭವ' ಪತ್ರಿಕೆ ನಡೆಸಿದರು. ನಾವು ಇಂದು ವಚನಗಳನ್ನು ಪುಸ್ತಕದಲ್ಲಿ ಕಾಣುತ್ತಿದ್ದೇವೆಂದರೆ ಅದರ ಹಿಂದೆ ಒಬ್ಬ ಮನುಷ್ಯನ ಮನೆಯ ಬೆಲೆ ಇದೆ.

ವ್ಯಾಪಾರಸ್ಥ ಬಂಧುಗಳು ಇದನ್ನು ಲೆಕ್ಕ ಹಾಕಿ ನೋಡಬೇಕು. ಹಿರಿಯರು ಪ್ರಾಣ ಒತ್ತೆಯಿಟ್ಟು ಉಳಿಸಿದ ಬಂಡವಾಳ ನಮ್ಮ ಕೈಗೆ ಬಂದಿದೆ. ಅದರ ಪೆಟ್ಟಿಗೆಯ ಕೀಲಿಕೈ ಕನ್ನಡದ ಸುಮಾರು ಐವತ್ತು ಅಕ್ಷರ. ಆ ಕೀಲಿಕೈಯನ್ನು ಮಕ್ಕಳ ಕೈಗೆ ಕೊಡದೆ ಪೆಟ್ಟಿಗೆಗೆ ಮಾತ್ರ ಪೂಜೆ ಮಾಡುತ್ತ ಹೋದರೆ ನಾವೂ ಆ ಹಳೆಯ ತಪ್ಪನ್ನೇ ಮಾಡಿದಂತೆ. ಆದರೆ ಕೀಲಿಕೈಯನ್ನು ಬೈದು ಕೊಡಲಾಗದು. ಅವಮಾನದಿಂದ ಕಲಿತ ಅಕ್ಷರವನ್ನು ಮಗು ಅವಕಾಶ ಸಿಕ್ಕಕೂಡಲೇ ಬಿಟ್ಟುಬಿಡುತ್ತದೆ. ಸಂತೋಷದಿಂದ ಕಲಿತದ್ದು ಮುಪ್ಪಿನವರೆಗೂ ಜೊತೆಗಿರುತ್ತದೆ.

ಮೊದಲು ಕಥೆ ಬೇಕು. ಸೊನ್ನಲಿಗೆಯ ಸಿದ್ಧರಾಮೇಶ್ವರರ ಬಾಲ್ಯದ ಕಥೆಯನ್ನು ನಮ್ಮ ಭಾಗದಲ್ಲಿ ಕೇಳದವರಿಲ್ಲ. ಮುದ್ದುಗೌಡ ಸುಗ್ಗವ್ವೆಯರ ಮಗ, ಮಾತು ಕಡಿಮೆ, ಜನರ ಕಣ್ಣಿಗೆ ಪೆದ್ದ. ಹೊಲದಲ್ಲಿ ದನ ಕಾಯುವಾಗ ಮಲ್ಲಯ್ಯನೆಂಬ ಜಂಗಮ ಬಂದು ಉಣ್ಣಲು ಕೇಳುತ್ತಾನೆ. ಹುಡುಗ ಮನೆಗೆ ಓಡಿ ಅಂಬಲಿ ಮಜ್ಜಿಗೆ ತರುವಷ್ಟರಲ್ಲಿ ಮಲ್ಲಯ್ಯ ಇಲ್ಲ. "ಮಲ್ಲಯ್ಯಾ" ಎಂದು ಕೂಗುತ್ತ, ಅಳುತ್ತ, ಹುಡುಗ ಶ್ರೀಶೈಲದವರೆಗೆ ಹೋಗುತ್ತಾನೆ. ರಾಘವಾಂಕ ಕವಿ ಇದನ್ನು ಕಾವ್ಯವಾಗಿ ಬರೆದ. ಇದನ್ನು ಮಾಳಿಗೆಯ ಮೇಲೆ ಬೆಳದಿಂಗಳಲ್ಲಿ ಹೇಳುವಾಗ ಮಕ್ಕಳ ಮುಖ ನೋಡಿರಿ. ಮಜ್ಜಿಗೆಯ ಗಡಿಗೆ ಹಿಡಿದು ಬರಿದಾದ ಹೊಲದಲ್ಲಿ ನಿಂತ ಆ ಹುಡುಗ ಅವರಿಗೆ ಗೆಳೆಯನಾಗುತ್ತಾನೆ. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು. "ಇದರ ನೀತಿ ಏನು?" ಎಂದು ಕೇಳಿದಿರೋ, ಗೆಳೆಯ ಹೋಗಿ ಮಾಸ್ತರರು ಬಂದು ಕುಳಿತಂತೆ.

"ಅದೆಲ್ಲ ಸರಿ, ನಮ್ಮ ಮಕ್ಕಳು ಮರಾಠಿ ಶಾಲೆಗೆ ಹೋಗುವವರು. ಅವರಿಗೆ ಕನ್ನಡದ ಓದು ಹೇಗೆ ಸಾಧ್ಯ?" ಎಂದು ಕೇಳುವವರಿದ್ದಾರೆ. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರನ್ನು (1912–1986) ನೆನೆಯೋಣ. ಅವರ ಶಾಲೆಯ ಓದು ಮರಾಠಿಯಲ್ಲಿ ಆಯಿತು. ಕನ್ನಡದ ಓದನ್ನು ಆಮೇಲೆ ತಮ್ಮ ಆಸಕ್ತಿಯಿಂದ ತಾವೇ ರೂಢಿಸಿಕೊಂಡರು. ಅದೇ ಸಿದ್ಧರಾಮೇಶ್ವರರ ಚರಿತ್ರೆಯನ್ನು ಕನ್ನಡದಲ್ಲಿ ಮಹಾಕಾವ್ಯವಾಗಿ ಬರೆದರು. ವಚನಗಳನ್ನು ಮರಾಠಿಗೆ ಒಯ್ದರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಪೀಠವೇರಿದ ಮೊದಲ ಮಹಿಳೆ ಅವರು. ಗಡಿಯ ಮಗುವಿಗೆ ಎರಡು ಭಾಷೆ ಭಾರವಲ್ಲ, ಎರಡು ಕಣ್ಣು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆದ್ದರಿಂದ ಮಗು ಮರಾಠಿ ಕಥೆ ಪುಸ್ತಕ ಹಿಡಿದರೆ ಕಸಿದುಕೊಳ್ಳಬೇಡಿರಿ. ಸಾನೆ ಗುರೂಜಿಯವರು 1933ರಲ್ಲಿ ನಾಸಿಕದ ಜೈಲಿನಲ್ಲಿ ಕುಳಿತು ಬರೆದ 'ಶ್ಯಾಮಚಿ ಆಯಿ'ಯನ್ನು ಓದಿ ಕಣ್ಣೀರು ಹಾಕಿದ ಮಗು ಮುಂದೆ ಅಕ್ಕನ ಕಥೆಗೂ ಕಣ್ಣೀರು ಹಾಕೀತು. ಓದಿನ ರುಚಿ ಒಂದೇ. ಯಾವ ಬಾವಿಯಿಂದ ಕುಡಿದರೂ ನೀರಡಿಕೆ ಆರುತ್ತದೆ.

ಅಕ್ಷರ ಕಲಿಸುವುದೂ ನಾವು ಅಂಜಿದಷ್ಟು ಕಷ್ಟವಲ್ಲ. ದೇವನಾಗರಿ ಬಲ್ಲ ಮಗುವಿಗೆ ವರ್ಣಮಾಲೆಯ ಕ್ರಮ ಮೊದಲೇ ಗೊತ್ತು; ಅ ಆ, ಕ ಖ ಎರಡರಲ್ಲೂ ಒಂದೇ ಸಾಲು. ಮರಾಠಿಯಲ್ಲಿ ಳಕಾರವೂ ಇದೆ. ಹೊಸದಾಗಿ ತಿಳಿಸಬೇಕಾದದ್ದು ಮುಖ್ಯವಾಗಿ ಎರಡು. ಎ ಮತ್ತು ಏ, ಒ ಮತ್ತು ಓ ನಮ್ಮಲ್ಲಿ ಬೇರೆ ಬೇರೆ. ಇನ್ನೊಂದು, ದೇವನಾಗರಿಯಲ್ಲಿ ಕೂಡಕ್ಷರದ ಮೊದಲ ಅಕ್ಷರ ಅರ್ಧವಾಗುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಎರಡನೆಯದು ಕೆಳಗಿಳಿದು ಒತ್ತಾಗುತ್ತದೆ. ದಿನಕ್ಕೆ ನಾಲ್ಕು ಅಕ್ಷರದಂತೆ ಆಟವಾಡುತ್ತ ಕಲಿತರೆ ಅರ್ಧ ಸೂಟಿಗೆ ಮುಗಿಯಿತು. ಆದವಾನಿ, ರಾಯದುರ್ಗ, ಮಡಕಶಿರಾ ಕಡೆಯ ಭಕ್ತರಿಗೆ ಇನ್ನೂ ಸುಲಭ. ತೆಲುಗು ಲಿಪಿ ಕನ್ನಡದ ಒಡಹುಟ್ಟು. ಒಂದನ್ನು ಬಲ್ಲವನು ಇನ್ನೊಂದನ್ನು ಕೆಲವೇ ದಿನಗಳಲ್ಲಿ ಓದುತ್ತಾನೆ. ತಾಳವಾಡಿ, ಹೊಸೂರು ಕಡೆ ತಮಿಳು ಶಾಲೆಯ ಮಕ್ಕಳಿಗೆ ಖ, ಗ, ಘ ಬೇರೆ ಅಕ್ಷರಗಳೆಂಬುದೇ ಹೊಸದು. ಅಲ್ಲಿಯ ತಾಯಂದಿರು ತುಸು ಹೆಚ್ಚು ತಾಳ್ಮೆ ವಹಿಸಬೇಕು.

ಇನ್ನು ರೈತ ಬಂಧುಗಳ ಪ್ರಶ್ನೆ: "ಕಥೆ ಓದಿದರೆ ಹೊಟ್ಟೆ ತುಂಬುತ್ತದೆಯೇ?" ನಿಜ, ತುಂಬುವುದಿಲ್ಲ. ಆದರೆ ಆನಂದದಿಂದ ಸಾವಿರ ಪುಟ ಓದಿದ ಕಣ್ಣು ನಾಳೆ ಉತಾರೆಯ ಸಣ್ಣ ಅಕ್ಷರವನ್ನು ತಡವರಿಸದೆ ಓದುತ್ತದೆ. ಬ್ಯಾಂಕಿನ ಸಾಲದ ಕಾಗದಕ್ಕೆ ಸಹಿ ಹಾಕುವ ಮುಂಚೆ ಒಂದು ಸಲ ಓದಿ ನೋಡುತ್ತದೆ. ಎಣ್ಣೆ ಹೊಡೆಯುವ ಔಷಧದ ಡಬ್ಬಿಯ ಮೇಲಿನ ಎಚ್ಚರಿಕೆಯನ್ನು ಓದಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತದೆ. ಸ್ಕಾಲರ್‌ಶಿಪ್ ಪರೀಕ್ಷೆಯಲ್ಲಿ ನಾಲ್ಕು ಅಂಕ ಹೆಚ್ಚೂ ಬಂದಾವು. ಇದೆಲ್ಲ ಬಡ್ಡಿ. ಅಸಲು ಮಾತ್ರ ಮಗುವಿನ ಆನಂದ. ಬಡ್ಡಿಯ ಆಸೆಗೆ ಅಸಲನ್ನೇ ಕಳೆದುಕೊಂಡ ಸಾವಕಾರನ ಗತಿ ನಮಗೆ ಬಾರದಿರಲಿ. ನಮಗೆ ಒಮ್ಮೆ ಬಂದಿತ್ತು, ಅದಕ್ಕೇ ಹೇಳುತ್ತಿದ್ದೇವೆ.

ಮೊಬೈಲಿನ ಮಾತೂ ಬರಬೇಕು. ಮಕ್ಕಳು ಮೊಬೈಲ್ ಬಿಡುವುದಿಲ್ಲವೆಂದು ಪ್ರತಿ ಮನೆಯಲ್ಲೂ ದೂರು. ಆ ದೂರು ಹೇಳುವಾಗ ನಮ್ಮ ಕೈಯಲ್ಲಿ ಏನಿರುತ್ತದೆ ಎಂದು ಒಮ್ಮೆ ನೋಡಿಕೊಳ್ಳೋಣ. ಮಾರ್ಕೆಟ್ ದರ ನೋಡಿ ಮುಗಿದ ಮೇಲೂ ಅದು ನಮ್ಮ ಕೈಯಿಂದ ಇಳಿಯುವುದಿಲ್ಲ. ಮಗು ನಮ್ಮ ಉಪದೇಶವನ್ನು ಕೇಳುವುದಕ್ಕಿಂತ ನಮ್ಮ ಕೈಯನ್ನು ಹೆಚ್ಚು ನೋಡುತ್ತದೆ. ನಡೆ ಇಲ್ಲದ ನುಡಿಯನ್ನು ಶರಣರು ಒಪ್ಪಲಿಲ್ಲ, ಮಕ್ಕಳೂ ಒಪ್ಪುವುದಿಲ್ಲ.

ಈ ಬೇಸಿಗೆಗೆ ನಾವು ಮಾಡಬಹುದಾದ ಕೆಲವು ಕೆಲಸಗಳನ್ನು ಹೇಳುತ್ತೇವೆ. ತಮಗೆ ಒಗ್ಗುವುದನ್ನು ಆರಿಸಿಕೊಳ್ಳಿರಿ.

ಒಂದು: ಪುಸ್ತಕ ಕೈಗೆ ಎಟುಕುವಂತಿರಲಿ. ಕಪಾಟಿನ ಗಾಜಿನ ಹಿಂದೆ ಕೀಲಿ ಹಾಕಿ ಇಟ್ಟದ್ದು ಮಗುವಿಗಾಗಿ ಅಲ್ಲ, ಬೀಗರು ನೋಡಲೆಂದು. ಪಡಸಾಲೆಯ ಹೊರಸಿನ ಮೇಲೆ, ಅಡುಗೆಮನೆಯ ಕಟ್ಟೆಯ ಬಳಿ, ಅಂಗಡಿಯ ಗಲ್ಲೆಯ ಪಕ್ಕ ಎರಡೆರಡು ಪುಸ್ತಕ ಬಿದ್ದಿರಲಿ. ಹರಿದೀತೆಂಬ ಭಯ ಬೇಡ. ಹರಿಯುವಷ್ಟು ಓದಿದ ಪುಸ್ತಕವೇ ಸಾರ್ಥಕವಾದದ್ದು.

ಎರಡು: ಮಗುವೇ ಆರಿಸಲಿ. ಕ್ರಿಕೆಟ್ಟಿನ ಪುಸ್ತಕವೋ, ಚಿತ್ರಕಥೆಯೋ, ದೆವ್ವದ ಕಥೆಯೋ, ಏನಾದರೂ ಆಗಲಿ. ಒಂದನ್ನೇ ಹತ್ತು ಸಲ ಓದಲಿ. ಬೇಸರವಾದದ್ದನ್ನು ನಡುವೆಯೇ ಬಿಡಲಿ. ನಮಗೂ ಸೇರದ ಪಲ್ಯವನ್ನು ಬದಿಗೆ ಸರಿಸುವ ಅಭ್ಯಾಸವಿದೆಯಲ್ಲವೇ?

ಮೂರು: ಮಧ್ಯಾಹ್ನ ಊಟವಾದ ಮೇಲೆ ಒಂದು ತಾಸು ಮನೆಯ ಎಲ್ಲ ಮೊಬೈಲುಗಳೂ ಒಂದು ಬುಟ್ಟಿಯಲ್ಲಿ ವಿಶ್ರಾಂತಿ ಪಡೆಯಲಿ. ದೊಡ್ಡವರೂ ಏನಾದರೂ ಹಿಡಿದು ಓದಲಿ. ನಿದ್ದೆ ಬಂದರೆ ಪುಸ್ತಕ ಎದೆಯ ಮೇಲಿಟ್ಟುಕೊಂಡೇ ಮಲಗಲಿ, ಅದೂ ಪರವಾಗಿಲ್ಲ.

ನಾಲ್ಕು: ರಾತ್ರಿ ಮಾಳಿಗೆಯ ಮೇಲೆ ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಕೇಳಲಿ. ಓದಲು ಬಾರದ ಅಜ್ಜಿ ಕಥೆ ಹೇಳಲಿ. ಕೇಳಿ ರುಚಿ ಹತ್ತಿದ ಮಗು ಮರುದಿನ ತಾನೇ ಅಕ್ಷರ ಹುಡುಕಿಕೊಂಡು ಬರುತ್ತದೆ.

ಐದು: ಪುಸ್ತಕದ ಖರ್ಚಿಗೆ ಅಂಜಬೇಡಿರಿ. ನಮ್ಮ ರೈತರಲ್ಲಿ ಮುಯ್ಯಾಳಿನ ಪದ್ಧತಿ ಇದೆ. ಇಂದು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಪುಸ್ತಕಕ್ಕೂ ಅದನ್ನೇ ಹಚ್ಚೋಣ. ಐದು ಮನೆಯವರು ನಾಲ್ಕು ನಾಲ್ಕು ಪುಸ್ತಕ ಕೊಂಡರೆ ಪ್ರತಿ ಮನೆಯ ಮಗುವಿಗೆ ಇಪ್ಪತ್ತು ಪುಸ್ತಕ ಸಿಕ್ಕವು. ನ್ಯಾಷನಲ್ ಬುಕ್ ಟ್ರಸ್ಟಿನ ಮಕ್ಕಳ ಪುಸ್ತಕಗಳು, 'ಭಾರತ-ಭಾರತಿ'ಯ ಪುಟ್ಟ ಪುಸ್ತಕಗಳು, ರಾಜರತ್ನಂ ಅವರ ಶಿಶುಗೀತೆಗಳು, ನಮ್ಮ ವಿಜಯಪುರ ಸೀಮೆಯವರೇ ಆದ ಶಂ. ಗು. ಬಿರಾದಾರ, ಕಂಚ್ಯಾಣಿ ಶರಣಪ್ಪ ಅವರ ಮಕ್ಕಳ ಪದ್ಯಗಳು, ಇವುಗಳಿಂದ ಆರಂಭಿಸಬಹುದು. ಮೊಬೈಲಿನಲ್ಲೇ ಓದಿಸಬೇಕೆಂದರೆ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಆರಂಭಿಸಿದ 'ಸ್ಟೋರಿವೀವರ್' ಇದೆ, ದುಡ್ಡು ಕೊಡಬೇಕಾಗಿಲ್ಲ. ಅಲ್ಲಿ ಎಷ್ಟೋ ಕಥೆಗಳು ಕನ್ನಡದಲ್ಲೂ ಇವೆ, ಮರಾಠಿಯಲ್ಲೂ ಇವೆ. ಒಂದೇ ಕಥೆಯನ್ನು ಎರಡರಲ್ಲೂ ಓದಿದ ಮಗು ಅಕ್ಷರವನ್ನು ತಾನೇ ಹೊಂದಿಸಿಕೊಳ್ಳುತ್ತದೆ.

ರೈತರ ಊರಿನಲ್ಲಿ ಇದು ನಡೆಯುವ ಮಾತೇ ಎನ್ನುವವರು ಸಾತಾರಾ ಜಿಲ್ಲೆಯ ಭಿಲಾರವನ್ನು ನೋಡಬೇಕು. ಸ್ಟ್ರಾಬೆರಿ ಬೆಳೆಯುವ ರೈತರ ಊರು ಅದು. 2017ರಲ್ಲಿ ಮಹಾರಾಷ್ಟ್ರ ಸರ್ಕಾರ ಅದನ್ನು 'ಪುಸ್ತಕಾಂಚೆ ಗಾವ್' ಎಂದು ಮಾಡಿದಾಗ ಊರಿನವರು ತಮ್ಮ ಮನೆಯ ಪಡಸಾಲೆಗಳನ್ನೇ ಪುಸ್ತಕಕ್ಕೆ ಬಿಟ್ಟುಕೊಟ್ಟರು. ಬಂದವರು ಕುಳಿತು ಓದಬಹುದು, ದುಡ್ಡಿಲ್ಲ. ಅದು ಮರಾಠಿಯ ದಾಸೋಹ. ದಾಸೋಹವೆಂಬ ಮಾತನ್ನೇ ಬಾಳಿ ತೋರಿಸಿದ ಶರಣರ ಮಕ್ಕಳು ನಾವು; ಒಂದು ಪಡಸಾಲೆ ನಮಗೆ ಹೆಚ್ಚೇ?

ಶ್ರೀಮಠದ ಕಡೆಯಿಂದ ನಾವು ಮಾಡಿದ್ದನ್ನೂ ಒಪ್ಪಿಸುತ್ತೇವೆ. ಪೂಜ್ಯರ ಅಪ್ಪಣೆಯಿಂದ ಕಳೆದೆರಡು ಬೇಸಿಗೆಗಳಿಂದ ದಾಸೋಹದ ಪಡಸಾಲೆಯಲ್ಲಿ ಒಂದು ಟ್ರಂಕ್ ಇಟ್ಟಿದ್ದೇವೆ. ಅದರಲ್ಲಿ ಮಕ್ಕಳ ಪುಸ್ತಕಗಳು. ಅದಕ್ಕೆ ಕೀಲಿ ಇಲ್ಲ, ದಂಡ ಇಲ್ಲ, ಠೇವಣಿ ಇಲ್ಲ. ಯಾರು ಬೇಕಾದರೂ ಒಯ್ಯಬಹುದು. ಮಕ್ಕಳನ್ನು ಎಲ್ಲರ ಮುಂದೆ ನಿಲ್ಲಿಸಿ ಓದಿಸುವ ಪರಿಪಾಠವನ್ನು ಬಿಟ್ಟಿದ್ದೇವೆ. ಓದಬೇಕೆನಿಸಿದ ಮಗು ತಾನೇ ಎದ್ದು ಬರುತ್ತದೆ. ಲೆಕ್ಕದವರಾದ ನಮಗೆ ಕೀಲಿ ಇಲ್ಲದ ಟ್ರಂಕ್ ನೋಡಿ ಮೊದಮೊದಲು ರಾತ್ರಿ ನಿದ್ದೆ ಬರಲಿಲ್ಲ ಎಂಬುದು ಸುಳ್ಳಲ್ಲ. ಕಳೆದ ವರ್ಷ ಸೂಟಿ ಮುಗಿದ ಮೇಲೆ ಎಣಿಸಿದರೆ ಹನ್ನೊಂದು ಪುಸ್ತಕ ಕಡಿಮೆ ಬಂದವು.

ಆಷಾಢದ ಒಂದು ಸೋಮವಾರ ಆ ಹಳೆಯ ಅಜ್ಜ ಬಂದರು. ಸಂಕೋಚದಿಂದ ಬಗಲಿನ ಚೀಲದಿಂದ ಒಂದು ಪುಸ್ತಕ ತೆಗೆದರು. ರಟ್ಟು ಕಿತ್ತಿತ್ತು, ಎಣ್ಣೆಯ ಕಲೆ ಬಿದ್ದಿತ್ತು, ಮೂಲೆಗಳೆಲ್ಲ ಮಡಚಿದ್ದವು. "ಹೊಸಾದು ಒಯ್ದಿದ್ವಿರಿ. ಅಕೀ ಈಗ ಕಾಲೇಜಿಗೆ ಹೊಂಟಾಳ. ಸೂಟ್ಯಾಗ ತಾನೂ ಕೂಡಿಸಿ ಕೂಡಿಸಿ ಓದಿ, ತಮ್ಮಗೂ ಓದಿಸಿ, ಹಿಂಗ ಮಾಡ್ಯಾಳ. ರೊಕ್ಕ ಎಷ್ಟಾಕ್ಕೈತಿ ಹೇಳ್ರಿ, ಕೊಡ್ತೀನಿ" ಎಂದರು. ಅವಳು ಕನ್ನಡ ಅಕ್ಷರ ಕಲಿತದ್ದು ನಮ್ಮಿಂದಲ್ಲ, ಆ ಸಂಜೆಯ ಬೈಗುಳಿನಿಂದಂತೂ ಅಲ್ಲ. ಎಣ್ಣೆಯ ಕೈಯಿಂದ ಮುಟ್ಟಿದ ಆ ಪುಸ್ತಕದಿಂದ. ನಾವು ರೊಕ್ಕ ತೆಗೆದುಕೊಳ್ಳಲಿಲ್ಲ. ಆ ಸಂಜೆ ಸುಮ್ಮನಿದ್ದದ್ದಕ್ಕೆ ಕೈಮುಗಿದು ಕ್ಷಮೆ ಕೇಳಿದೆವು. ಅಜ್ಜ, "ಅದನ್ನೆಲ್ಲ ಏನ್ ನೆನಸ್ತೀರಿ ಬಿಡ್ರಿ" ಎಂದು ಟ್ರಂಕಿನ ಕಡೆಗೆ ಹೋಗಿ ಮೊಮ್ಮಗನಿಗೆಂದು ಇನ್ನೊಂದು ಪುಸ್ತಕ ಒಯ್ದರು.

ವರ್ಷದ ಕೊನೆಗೆ ಆ ಹನ್ನೊಂದು ಪುಸ್ತಕಗಳನ್ನು ನಷ್ಟದ ಬಾಬಿಗೆ ಬರೆಯಬೇಕಾಗಿ ಬಂದಾಗ ಕೈ ಏಳಲಿಲ್ಲ. ಪೂಜ್ಯರನ್ನು ಕೇಳಿದೆವು. "ದಾಸೋಹದಲ್ಲಿ ಉಂಡ ಅನ್ನವನ್ನು ಯಾವ ಬಾಬಿಗೆ ಹಾಕುತ್ತೀರಿ?" ಎಂದರು. ಹಾಗೆಯೇ ಬರೆದಿದ್ದೇವೆ: ಪ್ರಸಾದ, ಹನ್ನೊಂದು ಪುಸ್ತಕ.

ಈ ಬಸವ ಜಯಂತಿಗೆ ಮಕ್ಕಳಿಗೆ ಹೊಸ ಬಟ್ಟೆಯ ಜೊತೆಗೆ ಒಂದು ಹೊಸ ಪುಸ್ತಕ ಕ��ಡಿರಿ. ಕೊಟ್ಟು, ದೂರ ಸರಿದು ನಿಲ್ಲಿರಿ. ಉಣ್ಣುವ ಕೂಸಿನ ಗಂಗಾಳದಲ್ಲಿ ಕೈ ಹಾಕಬೇಡಿರಿ.

ಗುರು ಬಸವಣ್ಣನವರು ತಮಗೆಲ್ಲ ಸನ್ಮಂಗಲವನ್ನು ಉಂಟುಮಾಡಲಿ.